ಕೌಳಿ ಮಟ್ಟಿ ಕಡಿಸೋ ಮುಂಚೆ ಒಂದು ಮಾತು

ತೋಟದ ಕೆಲಸದ ಗಡಿಬಿಡಿಯಲ್ಲಿ ಈ ಸಲ ಬರೆಯೋದು ತಡವಾಯ್ತು. ಇವತ್ತಿನ ವಿಷಯ ಅಡಿಕೆ ಅಲ್ಲ, ಕೌಳಿ ಹಣ್ಣು. ಕೆಲವರು ಕವಳಿ ಅಂತೀರಿ, ಘಟ್ಟದ ಕೆಳಗಿನವರು ಕರಂಡೆ ಅಂತಾರೆ. ಮುಳ್ಳುಮಟ್ಟಿ ಬಗ್ಗೆ ಬರೆಯೋದೇನಿದೆ ಅಂತ ನಗಬೇಡಿ, ಪೂರ್ತಿ ಓದಿ.

ಕಳೆದ ಬೇಸಿಗೆಯಲ್ಲಿ ಕಾಲೇಜಿನ ಇಬ್ಬರು ಮಕ್ಕಳು, ಒಬ್ಬ ಹುಡುಗ ಒಬ್ಬಳು ಹುಡುಗಿ, ಬೈಕಲ್ಲಿ ಮನೆಗೆ ಬಂದಿದ್ರು. ಕಾಡು ಕೌಳಿಯ ಎಲೆ ಬೇಕು ಅಂದ್ರು. ಹಣ್ಣಲ್ಲ, ಎಲೆ. ಗುಡ್ಡಕ್ಕೆ ಕರ್ಕೊಂಡು ಹೋದೆ. ಒಂದೊಂದು ಮಟ್ಟಿಯಿಂದ ಎರಡು ಮೂರು ಎಳೇ ಎಲೆ ಕೊಯ್ದು, ಚಪ್ಪಲಿ ಡಬ್ಬದಲ್ಲಿ ಬರೋ ಪೊಟ್ಟಣದ ಒಳಗಿನ ಹರಳು ಇರತ್ತಲ್ಲ, ಅಂಥದ್ದು ಹಾಕಿದ ಕವರಿಗೆ ತುಂಬಿ, ನಂಬರ್ ಬರೆದು, ಮೊಬೈಲಲ್ಲಿ ಜಾಗ ಗುರುತು ಮಾಡ್ಕೊಂಡ್ರು. ಹತ್ತು ಮಟ್ಟಿ ಆಗೋ ಹೊತ್ತಿಗೆ ನನಗೆ ಬೇಜಾರು ಬಂತು. "ಎಲ್ಲಾ ಕೌಳಿನೇ ಅಲ್ವೇನೇ ತಂಗಿ, ಒಂದರದ್ದು ತಗೊಂಡ್ರೆ ಸಾಲದಾ?" ಅಂದೆ. ಆ ಹುಡುಗಿ, "ಅಂಕಲ್, ಎಲ್ಲಾ ಗಿಡದ ಹಣ್ಣೂ ಒಂದೇ ರುಚಿನಾ?" ಅಂತ ಕೇಳಿದ್ಲು.

ಇಲ್ಲ. ಐವತ್ತು ವರ್ಷ ತಿಂದವನಿಗೆ ಗೊತ್ತಿಲ್ವಾ? ಒಂದು ಬಾಯಿಗಿಡೋಕಾಗದ ಹುಳಿ, ಒಂದು ಸಿಹಿ. ಒಂದರಲ್ಲಿ ಹಾಲು ಜಾಸ್ತಿ, ತಿಂದ್ರೆ ತುಟಿ ಅಂಟತ್ತೆ. ಒಂದು ಹಣ್ಣಾದ್ರೆ ಕಪ್ಪು, ಇನ್ನೊಂದು ಕೆಂಪಲ್ಲೇ ನಿಲ್ಲತ್ತೆ. ನಮ್ಮಮ್ಮ ಉಪ್ಪಿನಕಾಯಿಗೆ ದಣಪೆ ಹತ್ತಿರದ ಮಟ್ಟಿಯ ಕಾಯೇ ಆಗಬೇಕು ಅಂತಿದ್ರು. ತಿರುಳು ದಪ್ಪ, ಬೀಜ ಕಡಿಮೆ, ಉಪ್ಪುನೀರಲ್ಲಿ ವರ್ಷವಾದ್ರೂ ಮೆತ್ತಗಾಗ್ತಿರಲಿಲ್ಲ. ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. "ಆ ಗಿಡ ತೋರಿಸಿ ಅಂಕಲ್" ಅಂದ್ಲು.

ನನ್ನ ಬಾಯಿ ಕಟ್ಟಿಹೋಯ್ತು. ಗೊಬ್ಬರದ ಟ್ರ್ಯಾಕ್ಟರ್ ಒಳಗೆ ಬರಲಿ ಅಂತ ಹಿಂದಿನ ವರ್ಷ ನಾನೇ ಜೆಸಿಬಿ ತರಿಸಿ ದಣಪೆ, ಬೇಲಿ, ಮಟ್ಟಿ ಎಲ್ಲಾ ಎತ್ತಿಸಿದ್ದೆ. ಅರ್ಧ ಗಂಟೆ ಕೆಲಸ. ದಾರಿಯನ್ನ ನಾಲ್ಕು ಮಾರು ಆಚೆ ತೆಗೆಸಿದ್ರೂ ಆಗ್ತಿತ್ತು.

ಈಗ ಆ ಎಲೆಯಿಂದ ಏನು ಮಾಡ್ತಾರೆ ಅನ್ನೋದನ್ನ ನನಗೆ ಅರ್ಥವಾದ ಮಟ್ಟಿಗೆ ಹೇಳ್ತೀನಿ. ಗಿಡದ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಅಂತ ಉದ್ದನೆ ದಾರ ಇದೆ. ಅದರ ಬರಹಕ್ಕೆ ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ. ಕೆಲವು ಕಡೆ ಜಿಎ ಜಿಎ ಜಿಎ ಅಂತ ಅದದೇ ಅಕ್ಷರ ಮತ್ತೆ ಮತ್ತೆ ಬರತ್ತೆ. ಒಂದು ಗಿಡದಲ್ಲಿ 12 ಸಲ ಬಂದಿದ್ರೆ ಪಕ್ಕದ ಗಿಡದಲ್ಲಿ 15 ಸಲ ಬಂದಿರಬಹುದು. ಅಪ್ಪನ ಕಡೆಯದ್ದೊಂದು, ಅಮ್ಮನ ಕಡೆಯದ್ದೊಂದು, ಹೀಗೆ ಪ್ರತಿ ಗಿಡದಲ್ಲೂ ಎರಡೆರಡು ಪ್ರತಿ. ಇಂಥ ಗುರುತಿಗೆ ಮಾರ್ಕರ್ ಅಂತಾರೆ. ಈಗ ಹೇಳಿದ್ದು ಎಸ್‌ಎಸ್‌ಆರ್ ಅನ್ನೋ ಜಾತಿಯ ಮಾರ್ಕರ್. ಐಎಸ್‌ಎಸ್‌ಆರ್, ಆರ್‌ಎಪಿಡಿ ಅಂತ ಬೇರೆಯವೂ ಇವೆ. ಎಲೆ ಅರೆದು ಡಿಎನ್‌ಎ ತೆಗೆದು, ಆ ಜಾಗವನ್ನಷ್ಟೇ ಪಿಸಿಆರ್ ಮಿಷನ್‌ನಲ್ಲಿ ಕೋಟಿಗಟ್ಟಲೆ ನಕಲು ಮಾಡ್ತಾರೆ. ಕೊರೋನಾ ಕಾಲದಲ್ಲಿ ಆರ್‌ಟಿಪಿಸಿಆರ್ ಅಂತ ಕೇಳಿದ್ವಲ್ಲ, ಅದೇ ಕುಲದ್ದು. ಆಮೇಲೆ ಚೈನಾ ಗ್ರಾಸ್ ಜೆಲ್ಲಿಯಂಥ ಹಾಳೆಯಲ್ಲಿ ಕರೆಂಟ್ ಕೊಟ್ಟು ಓಡಿಸ್ತಾರೆ. ಚಿಕ್ಕ ತುಂಡು ದೂರ ಓಡತ್ತೆ, ದೊಡ್ಡದು ಹಿಂದೆ ಉಳಿಯತ್ತೆ. ಹೀಗೆ ಬಿದ್ದ ಪಟ್ಟೆಗಳನ್ನ ಹೋಲಿಸಿದ್ರೆ ಯಾವ ಗಿಡಕ್ಕೆ ಯಾವುದು ಹತ್ತಿರದ ನೆಂಟ, ಯಾವುದು ದೂರದ್ದು ಅಂತ ವಂಶಾವಳಿ ತರ ಚಿತ್ರ ಸಿಗತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮಾರ್ಕರ್ ಅಂದ್ರೆ ಸರ್ವೆಯವರ ಗಡಿಕಲ್ಲು. ಕಲ್ಲು ನೋಡಿ ಆ ಗದ್ದೆಯಲ್ಲಿ ಭತ್ತ ಎಷ್ಟು ಬೆಳೆಯತ್ತೆ ಅಂತ ಹೇಳೋಕಾಗಲ್ಲ. ಆದ್ರೆ ಯಾರದ್ದು ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗತ್ತೆ. ಹಾಗೇ ಈ ಮಾರ್ಕರ್‌ಗಳಿಂದ ಹಣ್ಣಿನ ರುಚಿ ತಿಳಿಯಲ್ಲ, ಅಮ್ಮನ ಉಪ್ಪಿನಕಾಯಿಗೆ ಯಾವುದಾಗತ್ತೆ ಅಂತಲೂ ತಿಳಿಯಲ್ಲ. ಅದು ನಮ್ಮ ನಾಲಿಗೆಗೆ, ನಮ್ಮ ಮನೆ ಹೆಂಗಸರ ಕೈಗೆ ಗೊತ್ತಿರೋ ವಿಷಯ. ಇನ್ನು ನಮ್ಮ ಕಣ್ಣಿಗೆ ಒಂದೇ ಥರ ಕಾಣೋ ಎರಡು ಗಿಡ ಒಳಗೆ ಬೇರೆ ಬೇರೆ ಅನ್ನೋದು ಮಾರ್ಕರ್‌ಗೆ ಮಾತ್ರ ಗೊತ್ತು. ಒಂದು ಬಿಟ್ಟು ಇನ್ನೊಂದರಿಂದ ಕೆಲಸ ಆಗಲ್ಲ.

ಈಗ ನನ್ನ ಅಭಿಪ್ರಾಯ. "ಬಿಡಿ, ಕೌಳಿ ಕಾಡಲ್ಲಿ ಬೇಕಾದಷ್ಟಿದೆ" ಅಂತ ನಾವೆಲ್ಲ ಹೇಳ್ತೀವಿ. ನಾನೂ ಹೇಳಿದ್ದೆ. ಈ ಮಾತು ತಪ್ಪು. ಒಂದರ ಹೂವಿನ ಪರಾಗ ಇನ್ನೊಂದಕ್ಕೆ ತಾಗಿ ಬೀಜ ಕಟ್ಟೋ, ಹಕ್ಕಿ ತಿಂದು ಹರಡೋ ಕಾಡುಗಿಡಗಳಲ್ಲಿ ವೈವಿಧ್ಯದ ದೊಡ್ಡ ಪಾಲು ಸಾಮಾನ್ಯವಾಗಿ ಊರಿಂದ ಊರಿಗಲ್ಲ, ಒಂದೇ ಗುಡ್ಡದ ಗಿಡಗಿಡದ ನಡುವೆನೇ ಇರತ್ತೆ. ಅಂದ್ರೆ ನಿಮ್ಮ ಬೇಲಿಯ ಹತ್ತು ಮಟ್ಟಿ ಅಂದ್ರೆ ಹತ್ತು ಬೇರೆ ಬೇರೆ ತಳಿ ಇದ್ದ ಹಾಗೆ. ಎಂಟು ಕಡಿಸಿ ಎರಡು ಉಳಿಸಿದ್ರೆ "ಕೌಳಿ ಇದೆ" ಅಂತ ಹೇಳಬಹುದು, ಹೋದ ಎಂಟು ತಿರುಗಿ ಬರಲ್ಲ.

ನರ್ಸರಿಯಿಂದ ತಂದು ನೆಡ್ತೀವಿ ಅಂತೀರಾ? ಕೌಳಿಯಲ್ಲೂ ಒಳ್ಳೆ ತಳಿ ಬಂದಿವೆ. ಪಂತನಗರದ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ದಾಪೋಲಿಯ ಕೊಂಕಣ್ ಬೋಲ್ಡ್. ನೆಡಿ, ಬೇಡ ಅನ್ನಲ್ಲ. ಬೇಕರಿ ಕೇಕಿನ ಮೇಲಿನ ಕೆಂಪು ಚೆರಿ ಎಷ್ಟೋ ಕಡೆ ಬಣ್ಣ ಹಾಕಿದ ಕೌಳಿಯೇ, ಅಂದ್ಮೇಲೆ ಮಾರ್ಕೆಟ್ಟೂ ಇದೆ. ಆದ್ರೆ ಗೂಟಿ ಕಟ್ಟಿದ ಗಿಡ ಎಲ್ಲಾ ತಾಯಿಯ ನಕಲು. ನೂರು ಗಿಡ ನೆಟ್ರೂ ಒಳಗೆ ಒಂದೇ ಗಿಡ. ಅದಕ್ಕೊಂದು ರೋಗ ಹತ್ತಿದ್ರೆ ನೂರಕ್ಕೂ ಹತ್ತಿದ ಹಾಗೆ. ಐರ್ಲೆಂಡಿನಲ್ಲಿ 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಂದಾಗ ಬಡವರ ಹೊಲದಲ್ಲೆಲ್ಲ ಹೆಚ್ಚಾಗಿ ಇದ್ದದ್ದು ಲಂಪರ್ ಅನ್ನೋ ಒಂದೇ ತಳಿ. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಯಿಂದ ಸತ್ರು. ಕೌಳಿ ಇಲ್ದೆ ಯಾರೂ ಸಾಯಲ್ಲ ನಿಜ, ಆದ್ರೆ ಲೆಕ್ಕ ಅದೇ.

ಇನ್ನೊಂದು ಕಡೆಯಿಂದ ನೋಡಿ. ತುಮಕೂರು ಜಿಲ್ಲೆ ಚೇಳೂರಿನ ಸಿದ್ದು ಹಲಸು ಇವತ್ತು ಹೆಸರಾಗಿದೆ. ಅದು ಒಬ್ಬ ರೈತರ ಜಮೀನಲ್ಲಿದ್ದ ಒಂದೇ ಒಂದು ಮರ. ಮರ ನಿಂತಿತ್ತು, ಅದಕ್ಕೇ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ನೋಡಿ, ಕಸಿ ಕಟ್ಟಿ, ಊರೂರಿಗೆ ಕೊಡೋಕಾಯ್ತು. ಕಡಿದ ಮರಕ್ಕೆ ಯಾವ ವಿಜ್ಞಾನಿಯೂ ಕಸಿ ಕಟ್ಟಲ್ಲ.

ಹಾಗಾದ್ರೆ ನಾವೇನು ಮಾಡಬಹುದು? ಒಂದು, ಜೆಸಿಬಿ ತರಿಸೋ ಮುಂಚೆ ಒಂದು ಹಣ್ಣಿನ ಕಾಲ ಕಾಯಿರಿ. ಯಾವ ಮಟ್ಟಿ ಏನು ರುಚಿ ಅಂತ ಮನೆಯ ಹಿರಿಯರನ್ನ ಕೇಳಿ, ಒಂದು ಬಟ್ಟೆ ಚೂರಾದ್ರೂ ಕಟ್ಟಿ. ಎರಡು, ಚೆನ್ನಾಗಿರೋ ಗಿಡಕ್ಕೆ ಮಳೆಗಾಲದಲ್ಲಿ ಗೂಟಿ ಕಟ್ಟಿ. ಅದರ ಜೊತೆ ಹತ್ತಿಪ್ಪತ್ತು ಬೇರೆ ಬೇರೆ ಮಟ್ಟಿಯ ಬೀಜವನ್ನೂ ಹಾಕಿ. ಬೀಜ ತೆಗೆದಿಟ್ಟು ತಡ ಮಾಡಬೇಡಿ, ಮೊಳೆಯೋ ಶಕ್ತಿ ಬೇಗ ಹೋಗತ್ತೆ. ಮೂರು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಮಾಡಬೇಕು. ಅದರಲ್ಲಿ "ಕೌಳಿ" ಅಂತ ಒಂದು ಸಾಲು ಬರೆದ್ರೆ ಸಾಲದು. ಯಾರ ಬೇಲಿಯಲ್ಲಿ ಎಂಥದ್ದು ಅಂತ ಬರೆಸಿ.

ನಾಲ್ಕನೇದು ಎಲೆ ಕೊಯ್ಯೋಕೆ ಬರೋರಿಗೆ. ಬನ್ನಿ, ಚಾ ಕುಡೀರಿ, ಗುಡ್ಡ ತೋರಿಸ್ತೀವಿ. ಆದ್ರೆ ಫಲಿತಾಂಶ ಬಂದ ಮೇಲೆ ನಮ್ಮ ಊರಿಗೂ ಒಂದು ಪುಟ ಕನ್ನಡದಲ್ಲಿ ಕೊಡಿ. ಹದಿನೇಳನೇ ನಂಬರ್ ಗಿಡ ಬೇರೆಯವಕ್ಕಿಂತ ದೂರದ್ದು ಅಂತ ನಿಮ್ಮ ಕಂಪ್ಯೂಟರ್‌ಗೆ ಗೊತ್ತಾದ್ರೆ, ಆ ಗಿಡದ ಬುಡದಲ್ಲಿ ಕತ್ತಿ ಹಿಡಿದು ನಿಂತವನಿಗೂ ಗೊತ್ತಾಗಬೇಕಲ್ವಾ? ಪೇಪರಲ್ಲಿ ಉಳಿದು ಬೇಲಿಯಲ್ಲಿ ಹೋದ್ರೆ ಏನು ಬಂತು.

ನಮ್ಮ ದಣಪೆ ಜಾಗದಲ್ಲಿ ಈ ಮಳೆಗಾಲ ಬೇರಿನ ಚೂರಿಂದ ಏನಾದ್ರೂ ಚಿಗುರತ್ತಾ ಅಂತ ನೋಡಿದೆ. ಇಲ್ಲ. ಅಮ್ಮ ಇದ್ದಾಗ ಪಕ್ಕದ ಕೇರಿಯವರೂ ಆ ಮಟ್ಟಿಯಿಂದ ಕಾಯಿ ಕೊಯ್ತಿದ್ರು. ಯಾರಾದ್ರೂ ಬೀಜ ಎಸೆದಲ್ಲಿ ಗಿಡ ಎದ್ದಿದ್ರೆ, ದಪ್ಪ ತಿರುಳಿನ ಕೌಳಿ ನಿಮ್ಮ ಹಿತ್ತಲಲ್ಲಿದ್ರೆ ದಯವಿಟ್ಟು ತಿಳಿಸಿ. ಅದೇ ಗಿಡ ಆಗಲ್ಲ ಅಂತ ಗೊತ್ತು, ಮಗಳಾದ್ರೂ ಸಿಗಲಿ. ಗೂಟಿ ಕಟ್ಟೋಕೆ ನಾನೇ ಬರ್ತೀನಿ.