ಕೆರೆ ಮುಚ್ಚಬೇಡಿ, ಡ್ರಮ್ ತೊಳೆಯಿರಿ

ಅಮೆರಿಕದ ಅಟ್ಲಾಂಟಾ ನಗರದ ಫೋರ್ತ್ ವಾರ್ಡ್ ತಗ್ಗು ಪ್ರದೇಶ. ಜೋರು ಮಳೆ ಬಂದರೆ ನೀರು ನುಗ್ಗುತ್ತಿತ್ತು. ನೆಲದಡಿ ಸುರಂಗ ಕೊರೆಯುವ ಬದಲು ಅಲ್ಲಿ ಕೊಳ ತೋಡಿ, 2011ರಲ್ಲಿ ಉದ್ಯಾನ ತೆರೆದರು. ಅದು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ; ಬಾತುಕೋಳಿ, ಆಮೆಗಳಿಗೂ ನೆಲೆಯಾಗಿದೆ.

“ಕೆರೆಯಿದ್ದರೆ ಸೊಳ್ಳೆ, ಮುಚ್ಚಿಸಿ” ಎನ್ನುವಿರಾ? ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ಶುದ್ಧ ನೀರಿನಲ್ಲಿ ಸೊಳ್ಳೆಮರಿಗಳು ಅವುಗಳಿಗೆ ಆಹಾರ. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಮನೆಯ ಡ್ರಮ್, ಹೂಕುಂಡದ ತಟ್ಟೆ, ಹಳೆಯ ಟಯರುಗಳಲ್ಲಿ.

ಯುನಾನಿ ವೈದ್ಯಪದ್ಧತಿ ಹೇಳುವ ಆರು ಅನಿವಾರ್ಯಗಳಲ್ಲಿ ಮೊದಲನೆಯದು ಸುತ್ತಲಿನ ಗಾಳಿ. ಕೊಳಚೆ ಸೇರಿದ ನೀರು ಅದನ್ನೂ ಕೆಡಿಸುತ್ತದೆ. ಆದ್ದರಿಂದ ಕೆರೆ ಮುಚ್ಚಿಸುವ ಅರ್ಜಿಗೆ ಸಹಿ ಹಾಕಬೇಡಿ. ಕೊಳಚೆ ಬಿಡುವುದನ್ನು ನಿಲ್ಲಿಸಿ ಎಂದು ನಗರಸಭೆಗೆ ಬರೆಯಿರಿ. ಮನೆಯ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ತಿಕ್ಕಿ ಒಣಗಿಸಿ.