ಹಬ್ಬದ ಮನೆಯಲ್ಲಿ ಲೆಕ್ಕದ ಆಟ

ನಿಮ್ಮ ಮಗು ಒಂದರಿಂದ ನೂರರವರೆಗೆ ತಡವರಿಸದೆ ಹೇಳುತ್ತದೆಯೇ? ಸಂತೋಷ. ಈಗ ಅದರ ಮುಂದೆ ಒಂದು ಬಟ್ಟಲು ಖರ್ಜೂರ ಇಟ್ಟು, “ಏಳು ಕೊಡು ಮಗಾ” ಎಂದು ಕೇಳಿ ನೋಡಿ. ನೂರು ಹೇಳುವ ಎಷ್ಟೋ ಮಕ್ಕಳು ಏಳು ಕೊಡುವಾಗ ತಪ್ಪುತ್ತಾರೆ. ಒಂದನ್ನೇ ಎರಡು ಬಾರಿ ಎಣಿಸುತ್ತಾರೆ, ಇಲ್ಲವೇ ಏಳಕ್ಕೆ ನಿಲ್ಲದೆ ಮುಂದೆ ಹೋಗುತ್ತಾರೆ. ಇದು ದಡ್ಡತನವಲ್ಲ ಸಹೋದರಿಯರೇ. ಬಾಯಿಗೆ ಬಂದ ಸಂಖ್ಯೆ ಇನ್ನೂ ಕೈಗೆ ಬಂದಿಲ್ಲ, ಅಷ್ಟೇ.

ಮೊದಲು ವಸ್ತು, ಆಮೇಲೆ ಅಂಕಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿಕಲಿ’ಯ ದಾರಿಯೂ ಇದೇ. ರಮಝಾನ್ ಮತ್ತು ಈದ್ ದಿನಗಳಲ್ಲಂತೂ ಎಣಿಸುವ ವಸ್ತುಗಳನ್ನು ಹುಡುಕಬೇಕಾಗಿಯೇ ಇಲ್ಲ.

ಇಫ್ತಾರ್ ತಟ್ಟೆ: ನಾಲ್ಕು ವರ್ಷದ ಮಗುವಿಗೆ ತಟ್ಟೆಗೊಂದರಂತೆ ಖರ್ಜೂರ ಇಡಲು ಹೇಳಿ. ಮರುದಿನ ಎರಡರಂತೆ. “ಅತಿಥಿಯೊಬ್ಬರು ಬಂದರು, ಇನ್ನೆಷ್ಟು ಬೇಕು?” ಎಂದು ಕೇಳಿ. ಖಾಲಿಯಾದ ಬಟ್ಟಲು ತೋರಿಸಿದರೆ ಸೊನ್ನೆಯೂ ಅರ್ಥವಾಗುತ್ತದೆ.

ಮೂವತ್ತು ಚಿಪ್ಪು: ಕೋಡಿ ಅಥವಾ ಮರವಂತೆ ಕಡಲತೀರಕ್ಕೆ ಹೋದಾಗ ಮೂವತ್ತು ಕಪ್ಪೆಚಿಪ್ಪು ಆರಿಸಿ ತನ್ನಿ. ಪ್ರತಿ ಇಫ್ತಾರ್‌ನ ನಂತರ ಮಗು ಒಂದನ್ನು ಬಟ್ಟಲಿನಿಂದ ತೆಗೆದು ಸಾಲಿಗೆ ಇಡಲಿ. ಹತ್ತಕ್ಕೆ ಒಂದು ಸಾಲು. ಹನ್ನೆರಡು ಉಪವಾಸವಾದರೆ ಒಂದು ಸಾಲು ತುಂಬಿ ಎರಡು ಚಿಪ್ಪು, ಬಟ್ಟಲಲ್ಲಿ ಹದಿನೆಂಟು. ಕೂಡುವುದು, ಕಳೆಯುವುದು ಎರಡೂ ಕಣ್ಣೆದುರೇ ಇವೆ. ಇಪ್ಪತ್ತೊಂಬತ್ತಕ್ಕೇ ಚಂದ್ರ ಕಂಡರೆ ಒಂದು ಚಿಪ್ಪು ಉಳಿಯುತ್ತದೆ. ಯಾಕೆಂದು ಮಗುವೇ ಕೇಳಲಿ.

ಫಿತ್ರ್‌ನ ಅಳತೆ: ಒಂದು ಸಾಅ್ ಎಂದರೆ ನಾಲ್ಕು ಮುದ್ದ್. ಒಂದು ಮುದ್ದ್ ಎಂದರೆ ದೊಡ್ಡವರ ಎರಡು ಕೈ ಸೇರಿದ ಒಂದು ಬೊಗಸೆ. ತಂದೆ ನಾಲ್ಕು ಬೊಗಸೆ ಅಕ್ಕಿ ಹಾಕಲಿ. ಅಷ್ಟೇ ಅಕ್ಕಿಗೆ ತನ್ನ ಬೊಗಸೆ ಎಷ್ಟು ಬೇಕೆಂದು ಮಗು ಮೊದಲು ಊಹಿಸಲಿ, ಆಮೇಲೆ ಎಣಿಸಲಿ. ಎಲ್ಲರ ಕೈಯೂ ಒಂದೇ ಅಲ್ಲ, ಅದಕ್ಕೇ ಅಳತೆ ಬೇಕು ಎಂಬುದು ಆಗ ತಿಳಿಯುತ್ತದೆ. ಮನೆಯಲ್ಲಿ ಐವರಿದ್ದರೆ ಐದು ಸಾಅ್. ಲೆಕ್ಕ ತಪ್ಪಿದರೆ ಬಡವರೊಬ್ಬರ ಪಾಲು ಕಡಿಮೆಯಾಗುತ್ತದೆ ಎಂದು ಹೇಳಿಕೊಡಿ. ಲೆಕ್ಕ ಸರಿಯಿರಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು?

ಈದಿಯ ನಾಣ್ಯ: ಒಂದು, ಎರಡು, ಐದರ ನಾಣ್ಯಗಳಿಂದ ಹತ್ತು ರೂಪಾಯಿ ಎಷ್ಟು ಬಗೆಯಲ್ಲಿ ಆಗುತ್ತದೆ? ಐದು ಐದು, ಐದು, ಎರಡು, ಎರಡು, ಒಂದು. ಉಳಿದದ್ದನ್ನು ಮಕ್ಕಳೇ ಹುಡುಕಲಿ.

ರಜೆಯಲ್ಲಿ ಅಜ್ಜಿಯ ಚೆನ್ನೆಮಣೆಯನ್ನೂ ಅಟ್ಟದಿಂದ ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು ಐವತ್ತಾರು. ನಾಲ್ಕರ ಮಗ್ಗಿ ಆಟದಲ್ಲೇ ಬರುತ್ತದೆ. ಮೂರು ವರ್ಷದೊಳಗಿನ ಮಗುವಿದ್ದರೆ ಮಾತ್ರ ಬೀಜ, ಚಿಪ್ಪು, ನಾಣ್ಯ ಕೈಗೆ ಸಿಗದಂತೆ ನೋಡಿಕೊಳ್ಳಿ, ಬಾಯಿಗೆ ಹಾಕಿಕೊಂಡೀತು.

ಗಂಗೊಳ್ಳಿಯಿಂದ ಶಿರೂರಿನವರೆಗೆ, ಇತ್ತ ಬ್ರಹ್ಮಾವರದಲ್ಲೂ, ನಮ್ಮ ಅನೇಕ ಮನೆಗಳ ಮಾತು ಉರ್ದು, ಬ್ಯಾರಿ ಅಥವಾ ನವಾಯತಿ. ಶಾಲೆಯ ಮಾತು ಬೇರೆ. ಮಗು ಮೊದಲು ಮನೆಮಾತಿನಲ್ಲೇ ಎಣಿಸಲಿ. ಏಳು ಖರ್ಜೂರ ಯಾವ ಭಾಷೆಯಲ್ಲೂ ಏಳೇ. ಬೆರಳು ಮಡಚಿ ಎಣಿಸಿದರೆ ಗದರಬೇಡಿ.

“ನನಗೇ ಲೆಕ್ಕ ಬಾರದು, ಮಗುವಿಗೇನು ಕಲಿಸಲಿ?” ಎನ್ನುವ ತಾಯಂದಿರಿದ್ದಾರೆ. ಹತ್ತು ಜನರಿಗೆ ಬಿರಿಯಾನಿಯ ಅಕ್ಕಿ ಅಳೆಯುವವರು ನೀವು. ಆ ಅಳತೆಯ ಪಾತ್ರೆಯನ್ನು ಈ ಬಾರಿ ಮಗುವಿನ ಕೈಗೆ ಕೊಡಿ. ಸ್ವಲ್ಪ ಅಕ್ಕಿ ಚೆಲ್ಲಬಹುದು, ಹೆಕ್ಕುವಾಗ ಎಣಿಸಿದರಾಯಿತು.