ನೆರಳಿಲ್ಲದ ಮದುಮಕ್ಕಳು

ದಮಯಂತಿಯ ಸ್ವಯಂವರದ ಕತೆ ನಮ್ಮಲ್ಲಿ ಅಕ್ಷರ ಬಾರದ ಅಜ್ಜಿಯರಿಗೂ ಗೊತ್ತಿತ್ತು. ಇಂದ್ರ, ಅಗ್ನಿ, ವರುಣ, ಯಮ ಈ ನಾಲ್ವರೂ ನಳನದೇ ರೂಪ ತಾಳಿ ಸಭೆಯಲ್ಲಿ ಕುಳಿತರು. ಐವರು ನಳರ ಮುಂದೆ ಮಾಲೆ ಹಿಡಿದು ನಿಂತ ಹುಡುಗಿ ದೇವತೆಗಳಿಗೇ ಮೊರೆಯಿಟ್ಟಳು. ಅವರು ಕನಿಕರಿಸಿ ತಮ್ಮ ಗುರುತು ತೋರಿದರು. ನಾಲ್ವರ ಮೈಯಲ್ಲಿ ಬೆವರಿಲ್ಲ, ಧೂಳಿಲ್ಲ, ರೆಪ್ಪೆ ಮಿಟುಕುವುದಿಲ್ಲ, ಕೊರಳ ಹೂ ಬಾಡಿಲ್ಲ, ಪಾದ ನೆಲಕ್ಕೆ ತಾಗಿಲ್ಲ, ನೆರಳಿಲ್ಲ. ಐದನೆಯವನಿಗೆ ಬೆವರೂ ಇತ್ತು, ನೆರಳೂ ಇತ್ತು. ಮಾಲೆ ಅವನ ಕೊರಳಿಗೆ ಬಿತ್ತು.

ಈಗಿನ ಮದುವೆಯ ಆಲ್ಬಮ್ ತೆರೆದರೆ ಪುಟಪುಟದಲ್ಲೂ ದೇವತೆಗಳೇ ಸಿಗುತ್ತಾರೆ. ಹಂಪಿಯ ಕಲ್ಲಿನ ರಥಕ್ಕೆ ಸಂಜೆಯ ಬಿಸಿಲು ಎಡದಿಂದ ಬಿದ್ದಿದೆ. ಅದರ ಮುಂದಿರುವ ವಧುವಿನ ಕೆನ್ನೆಗೆ ಬೆಳಕು ಬಲದಿಂದ ಬಂದಿದೆ. ಜೋಗದ ಮುಂದೆ ನಿಂತ ವರನ ಬೂಟು ಬಂಡೆಯಿಂದ ನಾಲ್ಕು ಬೆರಳು ಮೇಲಿದೆ. ಕೇಳಿದರೆ ಸ್ಟುಡಿಯೋದವರಿಂದ ಸಿದ್ಧ ಉತ್ತರ ಬರುತ್ತದೆ: ‘ಅಷ್ಟೆಲ್ಲ ಯಾರು ನೋಡ್ತಾರೆ ಸಾರ್?’ ನನ್ನ ಜಗಳ ಇರುವುದು ಈ ಒಂದು ಮಾತಿನ ಜೊತೆಗೆ.

ಮೊದಲೇ ಹೇಳಿಬಿಡುತ್ತೇನೆ, ಎರಡು ಚಿತ್ರಗಳನ್ನು ಜೋಡಿಸುವುದೇ ಮೋಸ ಎನ್ನುವ ಮಡಿವಂತರ ಪಕ್ಷ ನನ್ನದಲ್ಲ. ಜೋಡಣೆಗೆ ಹೆಚ್ಚುಕಡಿಮೆ ಫೋಟೋಗ್ರಫಿಯಷ್ಟೇ ವಯಸ್ಸಾಗಿದೆ. 1850ರ ದಶಕದ ಗಾಜಿನ ನೆಗೆಟಿವ್‌ಗೆ ನೀಲಿ ಬಣ್ಣವೆಂದರೆ ವಿಪರೀತ ಚುರುಕು; ಕಡಲನ್ನು ಸರಿಯಾಗಿ ಹಿಡಿದರೆ ಆಕಾಶ ಬರೀ ಬಿಳಿ ಹಾಳೆಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಕೂಡಿಸಿದ. ಇಂಗ್ಲೆಂಡಿನಲ್ಲಿ ರೈಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದು ಚಿತ್ರ ಮಾಡಿದ. ಮರುವರ್ಷ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್‌ಗಳಿಂದ, ಸಾವಿನ ಹಾಸಿಗೆಯಲ್ಲಿರುವ ಹುಡುಗಿಯ ಚಿತ್ರ ಕಟ್ಟಿದ. ಅವರಿಗೆ ಕಂಪ್ಯೂಟರ್ ಇರಲಿಲ್ಲ, ಕತ್ತಲೆ ಕೋಣೆ ಇತ್ತು. ಒಂದೊಂದು ತುಂಡಿಗೂ ಬೆಳಕು ಎಲ್ಲಿಂದ ಬರಬೇಕೆಂದು ಮೊದಲೇ ಲೆಕ್ಕ ಹಾಕದಿದ್ದರೆ ವಾರಗಳ ಕೆಲಸ ನೀರುಪಾಲಾಗುತ್ತಿತ್ತು. ನಮಗೆ 1994ರಲ್ಲಿ ಫೋಟೋಶಾಪ್‌ನ ಮೂರನೆಯ ಆವೃತ್ತಿ ಪದರಗಳನ್ನು ಕೊಟ್ಟಿತು. ಕತ್ತರಿಸುವುದು, ಅಂಟಿಸುವುದು ಸುಲಭವಾಯಿತು. ನೋಡುವುದು ಮಾತ್ರ ಸುಲಭವಾಗಲಿಲ್ಲ. ಅದನ್ನು ನಾವು ಬಿಟ್ಟೇಬಿಟ್ಟೆವು.

ನೋಡಬೇಕಾದದ್ದು ಅಂಥ ಬ್ರಹ್ಮವಿದ್ಯೆಯೇನಲ್ಲ. ಲೋಕಕ್ಕೆ ಸೂರ್ಯ ಒಬ್ಬನೇ. ಅವನು ನಲವತ್ತೈದು ಡಿಗ್ರಿ ಮೇಲಿದ್ದಾಗ ಸಮನೆಲದ ಮೇಲೆ ಆಳಿನ ನೆರಳು ಆಳುದ್ದವೇ ಇರುತ್ತದೆ. ಕೆಳಗಿಳಿದಂತೆ ನೆರಳು ಬೆಳೆಯುತ್ತದೆ. ನಮ್ಮ ಕಣ್ಣಿಗೆ ಸೂರ್ಯನ ಬಿಂಬ ಸುಮಾರು ಅರ್ಧ ಡಿಗ್ರಿ ಅಗಲ. ಆದ್ದರಿಂದ ಪಾದದ ಬಳಿ ಚೂಪಾಗಿರುವ ನೆರಳಿನ ಅಂಚು ದೂರ ಹೋದಷ್ಟೂ ಮಸುಕಾಗುತ್ತದೆ, ಮೀಟರಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು. ಪಾದ ನೆಲಕ್ಕೆ ಮುಟ್ಟುವಲ್ಲಿ ಒಂದು ಕಪ್ಪು ಗೆರೆಯಿರುತ್ತದೆ. ಅದೊಂದನ್ನು ಬಿಟ್ಟರೆ ಮನುಷ್ಯ ತೇಲತೊಡಗುತ್ತಾನೆ.

ಬಣ್ಣದ ಮಾತೂ ಹಾಗೆಯೇ. ನಡುಹಗಲ ಬಿಸಿಲು ಸುಮಾರು 5500 ಕೆಲ್ವಿನ್. ಸ್ಟುಡಿಯೋದ ಹಳೆಯ ಟಂಗ್‌ಸ್ಟನ್ ದೀಪ 3200. ಈ ಹಳದಿ ಮುಖವನ್ನು ಆ ಬಿಳಿ ಹಗಲಿನಲ್ಲಿ ಇಟ್ಟರೆ ಕಾಮಾಲೆಯ ರೋಗಿ ಸಿದ್ಧ. ನೆಲವೂ ಸುಮ್ಮನಿರುವುದಿಲ್ಲ. ಕರಾವಳಿಯ ಮುರಕಲ್ಲಿನ ಅಂಗಳದಲ್ಲಿ ಬಿಳಿ ಪಂಚೆ ಉಟ್ಟು ನಿಂತವರ ಪಂಚೆಯ ಅಂಚನ್ನು, ಗದ್ದದ ಅಡಿಯನ್ನು ನೋಡಿ, ಕೆಂಪು ಹತ್ತಿರುತ್ತದೆ. ಹುಲ್ಲಿನ ಮೇಲೆ ನಿಂತರೆ ಹಸಿರು ಹತ್ತುತ್ತದೆ. ಇನ್ನು ದಿಗಂತ. ಕ್ಯಾಮರಾ ಎದೆಯೆತ್ತರದಲ್ಲಿದ್ದರೆ, ಮಲ್ಪೆಯ ಸಮತಟ್ಟಾದ ಮರಳಿನ ಮೇಲೆ ನಿಂತ ಅದೇ ಎತ್ತರದವರೆಲ್ಲರ ಎದೆಯ ಬಳಿಯೇ ಕಡಲಿನ ಅಂಚಿನ ಗೆರೆ ಹಾಯಬೇಕು, ಅವರು ಹತ್ತಿರವಿರಲಿ, ದೂರವಿರಲಿ. ಒಬ್ಬನಿಗೆ ಮೊಣಕಾಲಿನಲ್ಲಿ, ಪಕ್ಕದವನಿಗೆ ಹಣೆಯಲ್ಲಿ ಹಾದರೆ ಒಬ್ಬ ರಾಕ್ಷಸ, ಇನ್ನೊಬ್ಬ ಕುಳ್ಳ. ಹಿನ್ನೆಲೆಯ ಚಿತ್ರ ಮಬ್ಬಾಗಿ, ಕಾಳುಕಾಳಾಗಿದ್ದರೆ ಅದರ ಪಕ್ಕದ ಮುಖಕ್ಕೂ ಅದೇ ಕಾಳು ಬೇಕು.

ಇವುಗಳನ್ನು ಸಾಮಾನ್ಯ ಜನ ನೋಡುವುದಿಲ್ಲ ಎಂಬುದು ಸುಳ್ಳು. ಅವರಿಗೆ ತಪ್ಪಿನ ಹೆಸರು ಗೊತ್ತಿಲ್ಲ, ಅಷ್ಟೆ. ‘ಏನೋ ಸರಿಯಿಲ್ಲ’ ಎನ್ನುತ್ತಾರೆ. ಹುಟ್ಟಿದಂದಿನಿಂದ ಬೆಳಕಿನಲ್ಲೇ ಬದುಕಿದ ಕಣ್ಣಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಬಳಗದ ಒಂದು ಮದುವೆಯ ಮಾತು ಹೇಳಬೇಕು. ಹುಡುಗಿಯ ತಂದೆ, ನನ್ನ ಚಿಕ್ಕಪ್ಪ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಧಾರೆಯ ಫೋಟೋದಲ್ಲಿ ಅವರನ್ನೂ ಸೇರಿಸಿಕೊಡಿ ಎಂದು ಮಗಳು ಸ್ಟುಡಿಯೋದವನನ್ನು ಕೇಳಿಕೊಂಡಿದ್ದಳು. ಅವನು ಗುರುತಿನ ಚೀಟಿಯ ಮುಖವನ್ನು ಕತ್ತರಿಸಿ, ಯಾರದೋ ಸೂಟಿನ ಮೇಲೆ ಕೂರಿಸಿ, ಮಂಟಪದ ಅಂಚಿನಲ್ಲಿ ನಿಲ್ಲಿಸಿದ್ದ. ಎಲ್ಲರ ಮೇಲೂ ಮಂಟಪದ ಹಳದಿ ದೀಪ; ಅವರೊಬ್ಬರ ಮುಖಕ್ಕೆ ಎದುರಿನಿಂದ ಹೊಡೆದ ಬಿಳಿ ಫ್ಲ್ಯಾಶ್. ಚಿಕ್ಕಮ್ಮ ಆ ಪುಟವನ್ನು ಬಹಳ ಹೊತ್ತು ನೋಡಿ, ‘ಇವರನ್ನ ಯಾಕೆ ಹೊರಗೆ ನಿಲ್ಲಿಸಿದ್ದಾರೆ?’ ಎಂದರು. ಕೆಲ್ವಿನ್ ಎಂಬ ಪದವನ್ನೇ ಕೇಳಿರದ ಹೆಂಗಸು ಅವರು.

ಅದೇ ಕೆಲಸವನ್ನು ಪಕ್ಕದ ಊರಿನ ವಯಸ್ಸಾದ ಸ್ಟುಡಿಯೋದವರೊಬ್ಬರಿಗೆ ಒಪ್ಪಿಸಿದೆ. ‘ಮನೆಯಲ್ಲಿರುವ ಅವರ ಫೋಟೋ ಎಲ್ಲ ತನ್ನಿ’ ಎಂದರು. ಹನ್ನೊಂದರಲ್ಲಿ ಒಂದನ್ನು ಆರಿಸಿದರು: ಜಗಲಿಯಲ್ಲಿ ಕೂತದ್ದು, ಬೆಳಕು ಮಂಟಪದ ಬೆಳಕು ಬಂದ ಕಡೆಯಿಂದಲೇ ಬಂದದ್ದು. ಇನ್ನೊಂದು ಚೆಂದದ ಫೋಟೋವನ್ನು ಎಡಬಲ ತಿರುಗಿಸಿದರಾಗದೆ ಎಂದೆ. ‘ಬೈತಲೆ ತಿರುಗುತ್ತೆ, ಅಂಗಿಯ ಜೇಬು ಬಲಕ್ಕೆ ಹೋಗುತ್ತೆ, ಹೆಂಡತಿಗೆ ಗೊತ್ತಾಗದೆ ಇರುತ್ತದಾ?’ ಎಂದರು. ಕಾಲು ಕಾಣದಂತೆ ಇಬ್ಬರ ಹಿಂದೆ ನಿಲ್ಲಿಸಿದರು. ದೀಪದ ಹಳದಿಯನ್ನು ಹಣೆಗೆ ಹಚ್ಚಿದರು. ಮುಂದಿದ್ದವರ ನೆರಳನ್ನು ಅವರ ತೋಳಿನ ಮೇಲೆ ತೆಳ್ಳಗೆ ಬೀಳಿಸಿದರು. ಚಿಕ್ಕಮ್ಮ ನೋಡಿ, ‘ಮಗಳ ಮದುವೆಗೆ ಈ ಹಳೇ ಅಂಗಿ ಹಾಕ್ಕೊಂಡು ಬಂದಿದ್ದಾರಲ್ಲ!’ ಎಂದು ಗಂಡನನ್ನು ಬೈದರು. ಆ ಬೈಗುಳಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಫೋಟೋಗ್ರಾಫರನಿಗೂ ಬೇಡ.

ಇಂಥ ಶ್ರದ್ಧೆಗೆ ದುಬಾರಿ ಯಂತ್ರ ಬೇಕಿಲ್ಲ. ಸತ್ಯಜಿತ್ ರೇ 1956ರ ‘ಅಪರಾಜಿತೋ’ ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿಸಿದರು. ಅಂಥ ಅಂಗಳಕ್ಕೆ ಆಕಾಶದ ಬೆಳಕು ಮೇಲಿನಿಂದ ಸೋಸಿ ಇಳಿಯುತ್ತದೆ, ಗಟ್ಟಿ ನೆರಳೇ ಇರುವುದಿಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪಗಳನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಚಿಮ್ಮಿದ ಬೆಳಕನ್ನು ಕೆಳಗಿಳಿಸಿದರು. ಅವರ ಬಂಡವಾಳ ಒಂದು ಬಟ್ಟೆ ಮತ್ತು ಕಾಶಿಯನ್ನು ಕಣ್ಣಿಟ್ಟು ನೋಡಿದ ನೆನಪು.

‘ಈಗ ಕಂಪ್ಯೂಟರೇ ಹಿನ್ನೆಲೆ ಬರೆದುಕೊಡುತ್ತದೆ, ನೆರಳನ್ನೂ ಹಾಕುತ್ತದೆ’ ಎನ್ನುವವರಿದ್ದಾರೆ. 2023ರಿಂದ ಫೋಟೋಶಾಪಿನಲ್ಲೇ ಆ ಸೌಕರ್ಯವಿದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಅದು ಹಾಕಿದ ನೆರಳು ಸರಿಯೋ ತಪ್ಪೋ ಎಂದು ಒಪ್ಪುವ ಕಣ್ಣು ಯಾರದು? ನೋಡಲು ಬಾರದವನಿಗೆ ಯಂತ್ರದ ತಪ್ಪೂ ಕಾಣುವುದಿಲ್ಲ, ಒಪ್ಪೂ ಕಾಣುವುದಿಲ್ಲ.

ಹಾಗಾದರೆ ಇಷ್ಟು ನಿಜವಾಗಿ ಕಾಣುವ ಸುಳ್ಳು ಅಪಾಯವಲ್ಲವೇ ಎಂದು ನೀವು ಕೇಳಬಹುದು. ಸುದ್ದಿಯ ಪುಟದಲ್ಲಿ ಖಂಡಿತ ಅಪಾಯ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ತನ್ನ ಮುಖಪುಟಕ್ಕೆ ಹೊಂದಲೆಂದು ಗೀಜಾದ ಪಿರಮಿಡ್ಡುಗಳನ್ನು ಹತ್ತಿರ ಸರಿಸಿ, ಸಲ್ಲಬೇಕಾದ ಛೀಮಾರಿಯನ್ನು ಪಡೆಯಿತು. ಅಲ್ಲಿ ಓದುಗನಿಗೆ ತಿಳಿಸದೆ ಒಂದು ಕಲ್ಲನ್ನೂ ಕದಲಿಸಬಾರದು. ಚಿಕ್ಕಮ್ಮನ ಗೋಡೆಯ ಮೇಲಿನ ಚಿತ್ರ ಯಾರನ್ನೂ ವಂಚಿಸಿಲ್ಲ. ಅದು ಜೋಡಣೆಯೆಂದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನೋಡುವವರ ಕಣ್ಣಿಗೆ ಗೌರವ ಕೊಡಬೇಡವೇ?

ಆದ್ದರಿಂದ ಆಲ್ಬಮ್ಮಿಗೆ ದುಡ್ಡು ಕೊಡುವವರಿಗೆ ನನ್ನದೊಂದು ಸಲಹೆ. ಮುಖ ನೋಡುವ ಮೊದಲು ಪಾದ ನೋಡಿ. ಪಾದದಿಂದ ನೆರಳಿಗೆ, ನೆರಳಿನಿಂದ ಹಿಂದಿನ ಮರದ ನೆರಳಿಗೆ ಕಣ್ಣು ಹಾಯಿಸಿ. ಎರಡೂ ಎರಡು ದಿಕ್ಕಿಗೆ ಹೊರಟಿದ್ದರೆ ಆಲ್ಬಮ್ ಮುಚ್ಚಿ ವಾಪಸು ಕೊಡಿ. ಯಾರು ನೋಡ್ತಾರೆ ಎಂದು ಅವನು ಕೇಳಿದರೆ, ನಾನು ನೋಡ್ತೇನೆ ಅನ್ನಿ.